ಓರೆಗೆರೆ ಕಾಣುವ ಪರದೆ

ಕಣ್ಣಿನ ಹಿಂದೆ ಕಣ್ಣಾಗಿ ನಿಂತು, ನೋಡುವವರನ್ನೂ ನೋಟಕ್ಕೆ ಸಿಕ್ಕುವುದನ್ನೂ ಒಂದೇ ಬೆಳಕಿನಲ್ಲಿ ಬೆಳಗುತ್ತ, ತಾನು ಮಾತ್ರ ಯಾರ ಕಣ್ಣಿಗೂ ಸಿಕ್ಕದಿರುವ ಆ ಪರಂಜ್ಯೋತಿಗೆ ಮೊದಲು ಕೈಮುಗಿಯುತ್ತೇನೆ. ಸಣ್ಣದನ್ನು ದೊಡ್ಡದರಲ್ಲಿ ಬಚ್ಚಿಡುವವನೂ ಅವನೇ, ಹೊತ್ತು ನೋಡಿ ಹೊರಗೆ ತೆಗೆಯುವವನೂ ಅವನೇ. ಹೇಳಹೊರಟ ಈ ಕಥೆಯಲ್ಲಿ ಮಾತು ಎಲ್ಲಿಯೂ ಓರೆಯಾಗದಂತೆ ಅವನು ನಡೆಸಲಿ.

ಅಂದು ಬೆಳಿಗ್ಗೆ ನೀರು ಸರಬರಾಜು ಕಚೇರಿಯ ನಕ್ಷೆಗಾರ್ತಿ ಮನೆ ಬಿಡುವ ಹೊತ್ತಿಗೆ ಅವಳ ಅತ್ತೆ ನಡುಮನೆಯ ಕುರ್ಚಿಯಲ್ಲಿ ಕುಳಿತು, ಇಲಿಯ ಬಿಲವನ್ನು ಕಾಯುವ ಬೆಕ್ಕಿನಂತೆ, ಎದುರಿನ ಗೋಡೆಯನ್ನು ನೋಡುತ್ತಿದ್ದರು. ಅವರ ಕಣ್ಣಿನ ಪೊರೆ ತೆಗೆಸಿ ಹನ್ನೆರಡು ದಿನವಾಗಿತ್ತು. ಕಪ್ಪು ಕನ್ನಡಕ ಕಳಚಿದ ಮೊದಲ ದಿನವೇ ಕಿಟಕಿಯ ಸರಳಿನ ಜಿಡ್ಡನ್ನೂ ಬೀರುವಿನ ತಲೆಯ ಮೇಲಿನ ಜೇಡರ ಬಲೆಯನ್ನೂ ಕಂಡುಹಿಡಿದು, "ನಮ್ಮ ಸೊಸೆ ಮನೇನ ಕನ್ನಡಿ ಹಂಗೆ ಇಟ್ಕೊಂಡಿದ್ದಾಳೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ನಲ್ಲೇ ಇಷ್ಟು ವರ್ಷ" ಎಂದಿದ್ದರು. ಆ ಮಾತಿನಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು. ಆಮೇಲೆ ನಿಲುವುಗನ್ನಡಿಯ ಮುಂದೆ ನಿಂತು ತಮ್ಮ ಮುಖದ ಸುಕ್ಕುಗಳನ್ನೂ ಅದೇ ಬೆರಗಿನಿಂದ, ಯಾರದೋ ಹೊಲದ ಉಳುಮೆಯನ್ನು ನೋಡುವಂತೆ ನೋಡಿದ್ದರು. ಈಗ ಅವಳು ಚಪ್ಪಲಿ ಮೆಟ್ಟುತ್ತಿರುವಾಗ, ಇವತ್ತು ಕಚೇರಿಗಲ್ಲದೆ ಅಂಗಡಿಗೆ ಯಾಕೆ ಹೋಗುತ್ತಿದ್ದೀಯೆಂದು ಕೇಳಿದರು. ಕಂಪ್ಯೂಟರಿಗೆ ದೊಡ್ಡ ಪರದೆ ಆರಿಸಬೇಕಾಗಿದೆ ಎಂದಳು. ಇರುವುದು ಕಾಣುವುದಿಲ್ಲವೇ ಎಂದು ಅತ್ತೆ. ಕಾಣುತ್ತದೆ, ಒಂದೊಂದೇ ತುಂಡಾಗಿ ಕಾಣುತ್ತದೆ ಎಂದು ಅವಳು. ಅತ್ತೆ ಗೋಡೆಯಿಂದ ಕಣ್ಣು ತೆಗೆಯದೆ, "ನೋಡ್ಕೊಂಡು ತಗೋಮ್ಮ. ಚೆನ್ನಾಗಿ ಕಾಣೋಕೆ ಶುರುವಾದ್ರೆ ಕೆಲಸ ಜಾಸ್ತಿ" ಎಂದರು.

ಬಸ್ಸಿನಲ್ಲಿ ಅವಳು ಕೈಚೀಲದೊಳಕ್ಕೆ ಕೈಹಾಕಿ ಪೆನ್‌ಡ್ರೈವನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಳು. ನೀವು ದಿನಾ ನೋಡುವ ಕೆಲಸವನ್ನೇ ತನ್ನಿ, ಅದನ್ನೇ ಹಾಕಿ ತೋರಿಸುತ್ತೇವೆ ಎಂದು ಅಂಗಡಿಯಿಂದ ಫೋನಿನಲ್ಲಿ ಹೇಳಿದ್ದರು. ಊರಿನ ನೆಲದಡಿಯ ಪೈಪುಗಳೆಲ್ಲ ನಲವತ್ತಾರು ಹಾಳೆಗಳಲ್ಲಿದ್ದವು. ಆ ನಲವತ್ತಾರನ್ನೂ ಹನ್ನೊಂದು ವರ್ಷದ ಹಿಂದೆ ಹಳೆಯ ಕಾಗದದಿಂದ ಕಂಪ್ಯೂಟರಿಗೆ ಇಳಿಸಿದವಳು ಅವಳೇ. ಯಾವುದನ್ನಾದರೂ ತರಬಹುದಿತ್ತು. ಕೆರೆಯ ಕೆಳಗಿನ ಬಡಾವಣೆಯ ಹಾಳೆಗಳು ನೋಡಲು ಚೆಂದ, ಎಲೆಯ ನರಗಳಂತೆ. ಆದರೆ ನಿನ್ನೆ ಸಂಜೆ ಅವಳ ಕೈ ಹದಿನಾಲ್ಕನೆಯದನ್ನೂ ಹದಿನೈದನೆಯದನ್ನೂ ಎಳೆದು ಹಾಕಿಕೊಂಡಿತ್ತು. ಗಾಯವಿರುವಲ್ಲಿಗೇ ನಾಲಿಗೆ ಹೋಗುತ್ತದಲ್ಲ, ಹಾಗೆ. ಆ ಎರಡು ಹಾಳೆಗಳ ನಡುವಿನ ಅಂಚು ದರ್ಜಿಗಳ ಬೀದಿಯ ಕೊನೆಯಲ್ಲಿ ಬರುತ್ತದೆ. ಕಚೇರಿಯ ಸಣ್ಣ ಪರದೆಯಲ್ಲಿ ಆ ಬೀದಿ ಎಂದೂ ಇಡಿಯಾಗಿ ಕಂಡಿರಲಿಲ್ಲ. ಹತ್ತಿರ ಹೋದರೆ ನಾಲ್ಕು ಅಂಗಡಿಯ ಮುಂಭಾಗ, ದೂರ ಸರಿದರೆ ಕೂದಲೆಳೆಯಷ್ಟು ಗೆರೆ. ಎಲ್ಲವೂ ಒಮ್ಮೆಗೆ ಕಂಡರೆ ಅದೂ ಕಾಣುತ್ತದೆಯೇ? ಭಯಕ್ಕಿಂತ ಮೊದಲು ಅವಳಲ್ಲಿ ಎದ್ದದ್ದು ಈ ಪ್ರಶ್ನೆ. ಭಯವಾಗಬೇಕಾದಲ್ಲಿ ಕುತೂಹಲವಾಗುತ್ತಿರುವುದು ಅವಳಿಗೇ ನಾಚಿಕೆ ತಂದಿತು.

ಎರಡು ಹಾಳೆಗಳ ಅಂಚಿನಲ್ಲಿ ಗೆರೆಗೆ ಗೆರೆ ಕೂಡದಿದ್ದರೆ ಅಲ್ಲೊಂದು ಕೆಂಪು ಸುತ್ತು ಹಾಕಬೇಕು ಎಂಬುದು ಆ ಕಚೇರಿಯಲ್ಲಿ ಕಾಗದದ ಕಾಲದಿಂದ ನಡೆದುಬಂದ ರೂಢಿ. ಸುತ್ತು ಬಿದ್ದ ಮೇಲೆ ನಕ್ಷೆ ಬರೆದವರೂ ವಾಲ್ವು ತಿರುಗಿಸುವವರೂ ಜೊತೆಯಾಗಿ ಆ ಜಾಗಕ್ಕೆ ನಡೆದುಹೋಗಿ, ನೆಲ ಏನು ಹೇಳುತ್ತದೆಂದು ನೋಡಿ, ಇಬ್ಬರೂ ಸಹಿ ಮಾಡಿದ ಮೇಲೆಯೇ ಅದನ್ನು ಅಳಿಸಬೇಕು. ಗೆರೆ ಕೂಡದಿದ್ದರೆ ನಾಚಿಕೆಯಿಲ್ಲ, ಕೂಡಿಸಿದರೆ ನಾಚಿಕೆ ಎಂದು ಅವಳಿಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಮಿಕ್ಕ ಅಂಚುಗಳೆಲ್ಲ ದೈವವಶಾತ್ ತಾವಾಗಿಯೇ ಕೂಡಿಬಂದಿದ್ದವು. ಬಂದುಹೋಗುವವರಿಗೆಲ್ಲ ಎಂಜಿನಿಯರ್ ಸಾಹೇಬರು ಅವಳ ಮೇಜಿನ ಹಿಂದೆ ನಿಂತು, ಒಂದೇ ಒಂದು ಕೆಂಪು ಸುತ್ತಿಲ್ಲ ನೋಡಿ ಎಂದು ತೋರಿಸುತ್ತಿದ್ದರು. ಹನ್ನೊಂದು ವರ್ಷದ ಹಿಂದೆ, ಇಳಿಸುವ ಕೆಲಸ ಮುಗಿಯುವ ಹೊತ್ತಿಗೆ, ಉಳಿದದ್ದು ಅದೊಂದೇ ಅಂಚು. ಹದಿನಾಲ್ಕನೆಯ ಹಾಳೆಯಲ್ಲಿ ಪೈಪು ಅಂಗಡಿಗಳ ಗೋಡೆಗುಂಟ ಬಂದು ನಿಂತಿತ್ತು, ಹದಿನೈದನೆಯದರಲ್ಲಿ ಅದು ಬೀದಿಯ ನಡುವಿನಿಂದ ಹೊರಟಿತ್ತು. ನಡುವೆ ಇಬ್ಬರು ತೋಳು ಚಾಚಿದಷ್ಟು ಅಂತರ. ಅವಳು ಮೌಸನ್ನು ಒತ್ತಿ ಹಿಡಿದು ಗೆರೆಯ ತುದಿಯನ್ನು ಎಳೆದಳು. ಗೆರೆ ಬಂತು, ಸಾಕಿದ ಕರುವಿನಂತೆ ಬಂತು. ಗಂಟು ಎದ್ದು ಕಾಣಬಾರದೆಂದು ಆ ಓರೆಯನ್ನು ಬೀದಿಯುದ್ದಕ್ಕೂ ಹಂಚಿದಳು. ಆಗ ಹೊರಗೆ ಯಾರೋ ಚಹಾಕ್ಕೆ ಕರೆದರು, ಅವಳು ಎದ್ದುಹೋದಳು. ಪಾಪಗಳಿಗೆ ಪ್ರತ್ಯೇಕ ಮುಹೂರ್ತವಿರುವುದಿಲ್ಲ.

ಅಂಗಡಿ ಮಹಡಿಯ ಮೇಲಿತ್ತು. ಸಾಲಾಗಿ ನಿಂತ ಪರದೆಗಳಲ್ಲೆಲ್ಲ ಒಂದೇ ಹಕ್ಕಿ ಒಂದೇ ಕೊಂಬೆಯಿಂದ ಹಾರಿ ಮತ್ತೆ ಬಂದು ಕೂರುತ್ತಿತ್ತು, ಒಂದರಲ್ಲಿ ಕೊಂಚ ನೀಲಿ, ಒಂದರಲ್ಲಿ ಕೊಂಚ ಹಸಿರು. ಕೂದಲಿನ ಮೇಲೆ ಕನ್ನಡಕ ಏರಿಸಿಕೊಂಡಿದ್ದ ಅಂಗಡಿಯ ಹೆಂಗಸು, ಆಟ ಆಡಲಿಕ್ಕೋ ಸಿನಿಮಾ ನೋಡಲಿಕ್ಕೋ ಎಂದು ಕೇಳಿದಳು. ಚರಂಡಿ ನೋಡಲಿಕ್ಕೆ ಎಂದುಬಿಟ್ಟಳು ನಕ್ಷೆಗಾರ್ತಿ, ಬಳಿಕ ಕುಡಿಯುವ ನೀರಿನ ಪೈಪು ಎಂದು ತಿದ್ದಿಕೊಂಡಳು. ಅಂಗಡಿಯ ಹೆಂಗಸು ಇದೇ ಸಾಮಾನ್ಯ ಗಿರಾಕಿ ಎಂಬಂತೆ ತಲೆದೂಗಿ, ಮೂರು ಪರದೆಗಳನ್ನು ಒಂದೇ ಮೇಜಿನ ಮೇಲೆ ಇಡಿಸಿ, ಹಕ್ಕಿಯನ್ನು ಓಡಿಸಿ, ಮೂರರಲ್ಲೂ ದರ್ಜಿಗಳ ಬೀದಿಯನ್ನು ತುಂಬಿದಳು. ನಕ್ಷೆಗಾರ್ತಿ ನೇರವಾಗಿ ಬೀದಿಯನ್ನು ನೋಡಲಿಲ್ಲ. ಮೊದಲು ಪರದೆಯನ್ನೇ ನೋಡೋಣ ಎಂದು, ಕಾಗದದ ಕಾಲದಿಂದ ಚೀಲದಲ್ಲೇ ಇರುವ ಭೂತಗನ್ನಡಿಯನ್ನು ತೆಗೆದು ನಡುವಿನ ಪರದೆಯ ಬಿಳಿ ಜಾಗಕ್ಕೆ ಒತ್ತಿ ಕಣ್ಣಿಟ್ಟಳು. ಅಲ್ಲಿ ಬಿಳಿಯೇ ಇರಲಿಲ್ಲ. ಕೆಂಪು, ಹಸಿರು, ನೀಲಿಯ ಸಣ್ಣ ಸಣ್ಣ ಕಡ್ಡಿಗಳು ಇಟ್ಟಿಗೆ ಕಟ್ಟಿದಂತೆ ಒತ್ತಾಗಿ ನಿಂತಿದ್ದವು. ಭೂತಗನ್ನಡಿ ಸರಿಸಿದರೆ ಬಿಳಿ, ಇಟ್ಟರೆ ಮೂರು ಬಣ್ಣ. ಕಪ್ಪು ಗೆರೆಯೆಂದರೆ ಕಪ್ಪಲ್ಲ, ಆರಿಹೋದ ದೀಪಗಳ ಸಾಲು. ಹನ್ನೊಂದು ವರ್ಷ ಇದನ್ನೇ ದಿಟ್ಟಿಸುತ್ತ ಕೂತಿದ್ದರೂ ತನಗಿದು ಗೊತ್ತೇ ಇರಲಿಲ್ಲವಲ್ಲ ಎನ್ನಿಸಿ ಅವಳಿಗೆ ಚಿಕ್ಕ ಹುಡುಗಿಯಂತೆ ನಗು ಬಂತು. ಮೂಗು ಗಾಜಿಗೆ ತಾಗಿತ್ತು. ಪಕ್ಕದಲ್ಲಿ ಕೀಲಿಮಣೆ ಕೊಳ್ಳುತ್ತಿದ್ದ ಗಂಡಸೊಬ್ಬ, ಮೇಡಂ ಒಳಗೇ ಇಳಿದು ನೋಡುತ್ತಾರೇನೋ ಎಂದು ಯಾರಿಗೋ ಹೇಳಿದ್ದು ಕೇಳಿಸಿತು. ಅವಳು ನೆಟ್ಟಗೆ ನಿಂತು, ಮೂಗಿನ ಗುರುತನ್ನು ಸೆರಗಿನಿಂದ ಒರೆಸಿದಳು.

ಒಳಗೆ ಇಳಿಯುವುದೇ ನೀರಣ್ಣನ ಕೆಲಸವಾಗಿತ್ತು. ಬೀದಿ ಬೀದಿಯ ವಾಲ್ವುಗಳನ್ನು ತಿರುಗಿಸುತ್ತಿದ್ದ ಅವನಿಗೆ ಊರಿಟ್ಟ ಹೆಸರು ಅದು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಎಲ್ಲಿಯಾದರೂ ನೀರು ಸೋರುತ್ತಿದೆಯೆಂದರೆ ಎದೆಯೆತ್ತರದ ಕಬ್ಬಿಣದ ಸರಳನ್ನು ನೆಲಕ್ಕೂರಿ, ಮೇಲಿನ ತುದಿಗೆ ಕಿವಿಯಾನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಬರಿಯ ಹರಿವಿನ ಸದ್ದು ಬೇರೆ, ಸೋರುವ ಸದ್ದು ಬೇರೆ, ಕಳ್ಳ ಜೋಡಣೆಯ ಸದ್ದು ಬೇರೆ ಎನ್ನುತ್ತಿದ್ದ. ಆರು ವರ್ಷದ ಹಿಂದೆ ದರ್ಜಿಗಳ ಬೀದಿಯಲ್ಲಿ ಪೈಪು ಒಡೆದು ನೆಲಮಾಳಿಗೆಗಳಿಗೆ ನೀರು ನುಗ್ಗಿದಾಗ, ಸರಳು ಊರಿ, ಗೋಡೆಯ ಬುಡದಲ್ಲಿ ಅಗೆಯಬೇಕು ಎಂದಿದ್ದ. ನಕ್ಷೆ ನಡುಬೀದಿ ಎಂದಿತು. ಸಾಹೇಬರು ನಕ್ಷೆಯ ಮಾತು ಕೇಳಿದರು. ಮೂರು ಗುಂಡಿ ಒಣಮಣ್ಣು. ನಾಲ್ಕನೆಯದನ್ನು ಗೋಡೆಯ ಬುಡದಲ್ಲಿ ತೆಗೆದಾಗ ಪೈಪು ಸಿಕ್ಕಿತು. ಅಷ್ಟರಲ್ಲಿ ಬಟ್ಟೆಯ ಥಾನುಗಳೆಲ್ಲ ತೊಯ್ದು ಬೀದಿಯವರು ಕಚೇರಿಯ ಬಾಗಿಲಿಗೆ ಬಂದಿದ್ದರು, ಯಾರಾದರೊಬ್ಬರು ತಪ್ಪಿತಸ್ಥರಾಗಬೇಕಿತ್ತು. ಇಷ್ಟು ಚೊಕ್ಕಟವಾದ ನಕ್ಷೆ ಹೇಗೆ ತಪ್ಪುತ್ತದೆ, ಹಿಂದೆ ಯಾವುದೋ ರಿಪೇರಿಯಲ್ಲಿ ಇವನೇ ಪೈಪು ಸರಿಸಿ ಬಾಯಿಬಿಡದೆ ಕೂತಿದ್ದಾನೆ ಎಂದು ತೀರ್ಮಾನವಾಯಿತು. ಅವನ ಹೆಸರಿನ ಮುಂದೆ ಆ ಮಾತು ಬರೆದು, ಅವನನ್ನು ಬೀದಿಯಿಂದ ತೆಗೆದು ಪಂಪ್‌ಹೌಸಿಗೆ ಹಾಕಿದರು. ಅವನು ಒಂದೇ ಮಾತು ಹೇಳಿದ್ದ: "ನಾನು ಸರಿಸಿಲ್ಲ. ಬೇಕಾದ್ರೆ ಪೈಪನ್ನೇ ಕೇಳಿ." ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ನಗದಿದ್ದರೆ ಯಾರಾದರೂ ಅವಳ ಮುಖ ನೋಡಿಬಿಡುತ್ತಿದ್ದರು. ಮೇಜಿಗೆ ಬಂದು ಕಡತ ತೆರೆದು, ಗೆರೆಯ ಆ ತುದಿಯನ್ನು ಒಂದು ಬಾರಿ ಮುಟ್ಟಿ, ಮತ್ತೆ ಮುಚ್ಚಿದ್ದಳು. ನಾಳೆ ಹೇಳೋಣ ಎಂದುಕೊಂಡಿದ್ದಳು. ಆ ನಾಳೆಗೆ ಆರು ವರ್ಷ ತುಂಬಿತು. ಎಂಟು ಗಂಟೆಯ ಪಾಳಿ, ನಾಲ್ಕು ಪಂಪುಗಳ ಮೊರೆತ. ಈಗ ನೀರಣ್ಣನನ್ನು ಹೆಸರು ಹಿಡಿದು ಕೂಗಿದರೆ ಮೂರನೆಯ ಕೂಗಿಗೆ ತಿರುಗುತ್ತಾನೆ.

ಅಂಗಡಿಯ ಹೆಂಗಸು ಎಡಗಡೆಯ ಪರದೆಯಿಂದ ಮೊದಲುಮಾಡಿದಳು. ಅದು ಅಗಲವಾದದ್ದು, ಆದರೆ ಚುಕ್ಕೆಗಳು ದಪ್ಪ. ಅದರಲ್ಲಿ ಓರೆಯಾದ ಪ್ರತಿಯೊಂದು ಗೆರೆಯೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ದರ್ಜಿಗಳ ಬೀದಿಯ ಪೈಪೂ ಹಾಗೆಯೇ ಇಳಿಯಿತು. ಯಾರಾದರೂ ಬೆರಳಿಟ್ಟು ಕೇಳಿದರೆ ಪರದೆಯ ದೋಷ ಎನ್ನಬಹುದು ಎಂದು ಅವಳಿಗೆ ಹೊಳೆಯಿತು, ಹೊಳೆದದ್ದಕ್ಕೆ ಕಿವಿ ಬಿಸಿಯಾಯಿತು. ಬಲಗಡೆಯದು ಅಂಗಡಿಯ ಹೆಂಗಸಿಗೆ ಅಚ್ಚುಮೆಚ್ಚು. ಎರಡು ಬದಿಯೂ ಒಳಕ್ಕೆ ಬಾಗಿ, ಎದುರು ಕೂತವರನ್ನು ಅಪ್ಪಿಕೊಳ್ಳುವಂತಿತ್ತು. ಕಣ್ಣಿಗೆ ಸುಖ, ಕತ್ತು ತಿರುಗಿಸುವುದೇ ಬೇಡ, ಒಂದು ಸಲ ಕೂತವರು ಬೇರೆಯದರಲ್ಲಿ ಕೂರುವುದಿಲ್ಲ ಎಂದು ಹೇಳಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. ನಕ್ಷೆಗಾರ್ತಿ ಕೂತಳು. ನಿಜವಾಗಿಯೂ ಸುಖವಾಗಿತ್ತು. ಬೀದಿ ಇಡಿಯಾಗಿ ಬಂದಿತ್ತು. ಅಂಗಡಿಗಳ ಗೋಡೆಯ ಗೆರೆ ತುಸು ಬಾಗಿತ್ತು, ಎದುರು ಸಾಲಿನ ಗೆರೆಯೂ ಬಾಗಿತ್ತು, ಅವುಗಳ ನಡುವೆ ಪೈಪಿನ ಗೆರೆಯೂ ಬಾಗಿತ್ತು. ಡೊಂಕು ಬಾಲದ ನಾಯಿಗಳ ಹಿಂಡಿನಲ್ಲಿ ಒಂದು ನಾಯಿಯ ಬಾಲ ಡೊಂಕೆಂದು ಯಾರೂ ಬೆರಳು ತೋರಿಸುವುದಿಲ್ಲ. ಇದರಲ್ಲಿ ಅದು ಎಂದೆಂದಿಗೂ ಕಾಣುವುದಿಲ್ಲ. ಆರು ವರ್ಷದಲ್ಲಿ ಮೊದಲ ಬಾರಿಗೆ ಅವಳ ಬೆನ್ನು ಕುರ್ಚಿಗೆ ಒರಗಿತು. ಇದನ್ನೇ ಕೊಳ್ಳಬಹುದು. ಆರಿಸುವ ಅಧಿಕಾರ ಅವಳದೇ. ನೋಡುವವರು ನೀವು, ಆರಿಸುವವರೂ ನೀವೇ ಎಂದು ಸಾಹೇಬರು ಬರೆದುಕೊಟ್ಟಿದ್ದರು. ಹೊಸ ಪೈಪುಮಾರ್ಗಕ್ಕಾಗಿ ಬರುವ ತಿಂಗಳು ಎಲ್ಲ ಹಾಳೆಗಳನ್ನೂ ಜೋಡಿಸಿ ನೋಡಬೇಕಾಗಿತ್ತು, ಅದಕ್ಕೇ ಈ ಪರದೆ. ನೀರಣ್ಣ ಪಂಪ್‌ಹೌಸಿನಲ್ಲೇ ನಿವೃತ್ತನಾಗುತ್ತಾನೆ. ಬೀದಿ ಚೊಕ್ಕಟವಾಗಿಯೇ ಉಳಿಯುತ್ತದೆ.

ಆದರೆ ಎದ್ದುಹೋಗುವ ಮುನ್ನ ನಡುವಿನದನ್ನು ನೋಡದಿರಲು ಅವಳಿಂದ ಆಗಲಿಲ್ಲ. ಅದೂ ಧರ್ಮಬುದ್ಧಿಯಿಂದಲ್ಲ, ಮುಚ್ಚಿದ ಪಾತ್ರೆಯ ಮುಚ್ಚಳ ತೆಗೆದು ನೋಡುವ ಬುದ್ಧಿಯಿಂದ. ನಡುವಿನ ಪರದೆ ಸಪಾಟಾಗಿತ್ತು. ಅದರ ಮೈಗೆ ಹೊಳಪಿರಲಿಲ್ಲ, ಆದ್ದರಿಂದ ಅದರಲ್ಲಿ ಅವಳ ಮುಖವೂ ತಲೆಯ ಮೇಲಿನ ದೀಪಗಳೂ ಬೀಳಲಿಲ್ಲ; ಬೀದಿ ಮಾತ್ರ ಇತ್ತು. ಅಂಗಡಿಯ ಹೊಸ್ತಿಲುಗಳು, ಮೀಟರುಗಳು, ಅವಳೇ ಬರೆದು ಮರೆತಿದ್ದ ಒಂದು ಬೇವಿನ ಮರದ ಸುತ್ತು, ಎಲ್ಲವೂ ಇಡಿಯಾಗಿ, ಎಲ್ಲವೂ ಬಿಡಿಯಾಗಿ. ಸಣ್ಣ ನಕ್ಷತ್ರವನ್ನು ಕಾಣಿಸಬೇಕಾದರೆ ಮೊದಲು ಅದರ ಪಕ್ಕದ ದೊಡ್ಡದನ್ನು ತೋರಿಸು ಎಂದು ಬಲ್ಲವರು ಹೇಳುತ್ತಾರೆ. ಅವಳು ಮೊದಲು ಗೋಡೆಯನ್ನು ನೋಡಿದಳು. ಗೋಡೆ ಎಳೆದ ದಾರದಂತೆ ನೆಟ್ಟಗಿತ್ತು. ಅದರ ಬದಿಯಲ್ಲಿ ಹೊರಟ ಪೈಪು ಮೊದಲ ಅಂಗಡಿಯಲ್ಲಿ ಗೋಡೆಗೆ ತಾಗಿದಂತಿತ್ತು, ಐದನೆಯದರಲ್ಲಿ ಒಂದು ಬೆರಳು ದೂರ, ಹತ್ತನೆಯದರಲ್ಲಿ ಎರಡು, ಕೊನೆಗೆ ನಡುಬೀದಿ. ಕುಡಿದವನ ನಡಿಗೆಯಾದರೂ ಹಿಂದೆ ಮುಂದೆ ತೂಗುತ್ತದೆ. ಇದು ನಯವಾಗಿ, ಕದ್ದುಹೋಗುವವನಂತೆ ಗೋಡೆಯಿಂದ ಜಾರುತ್ತಿತ್ತು. ಯಾವ ಪೈಪನ್ನೂ ಯಾರೂ ಹಾಗೆ ಹೂಳುವುದಿಲ್ಲ. ಪೈಪು ಗೋಡೆಯ ಜೊತೆ ಸಾಗುತ್ತದೆ, ಮೂಲೆಗೆ ಬಂದು ಮೊಣಕೈಯಂತೆ ತಿರುಗುತ್ತದೆ. ರಿಪೇರಿಯಲ್ಲಿ ಸರಿಸಿದ್ದರೆ ಒಂದು ಗಂಟಿರುತ್ತಿತ್ತು. ಕೆಲಸ ಬಲ್ಲ ಯಾರೇ ನೋಡಿದರೂ ಒಂದು ಉಸಿರಿನಲ್ಲಿ ಹೇಳುತ್ತಾರೆ, ಇದು ನೆಲದೊಳಗಿನ ಪೈಪಲ್ಲ, ಒಂದು ಕೈಯ ಕೆಲಸ ಎಂದು. ಅವಳಿಗೆ ಅಳು ಬರಲಿಲ್ಲ. ಪೊರೆ ತೆಗೆಸಿಕೊಂಡ ಅತ್ತೆ ಕನ್ನಡಿಯ ಮುಂದೆ ನಿಂತ ಹಾಗೆ ನಿಂತು ನೋಡಿದಳು. ಇಷ್ಟು ಸಣ್ಣದೇ? ಇಷ್ಟು ಸಣ್ಣದಕ್ಕೆ ಒಬ್ಬ ಮನುಷ್ಯನ ಎರಡು ಕಿವಿಗಳನ್ನು ಬಲಿ ಕೊಟ್ಟೆನೇ?

ಇದೇ ಇರಲಿ ಎಂದಳು. ಬಾಗಿದ್ದನ್ನು ಮಾರುವ ಉಮೇದಿನಲ್ಲಿದ್ದ ಅಂಗಡಿಯ ಹೆಂಗಸು, ಇದೇ ಯಾಕೆ ಎಂದಳು.

"ಇದರಲ್ಲಿ ತಪ್ಪು ಕಾಣತ್ತೆ."

"ತಪ್ಪಾ? ಎಲ್ಲಿ ಮೇಡಂ? ಚುಕ್ಕೆ ಸತ್ತಿದೆಯಾ?" ಅಂಗಡಿಯ ಹೆಂಗಸು ಕೂದಲಿನ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಬಗ್ಗಿದಳು. "ಬೇರೆ ಪೀಸ್ ಕೊಡ್ತೀನಿ ಬಿಡಿ, ಡಬ್ಬಿ ಒಡೆದಿಲ್ಲ."

"ಮಾನಿಟರಿಂದಲ್ಲ. ನಂದು."

ಅಂಗಡಿಯ ಹೆಂಗಸು ಕನ್ನಡಕವನ್ನು ಮತ್ತೆ ಕೂದಲಿಗೆ ಏರಿಸಿ, ಹೊಸ ಡಬ್ಬಿ ತರಿಸಿದಳು.

ಮೂರನೆಯ ದಿನ ಪರದೆ ಅವಳ ಮೇಜಿನ ಮೇಲೆ ನಿಂತಿತು. ಹಳೆಯದು ಕೂತಿದ್ದ ಜಾಗದಲ್ಲಿ ಧೂಳಿನ ಚೌಕವೊಂದು ಉಳಿದಿತ್ತು. ಅತ್ತೆಯನ್ನು ನೆನೆದು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಕಚೇರಿಯವರೆಲ್ಲ ಮದುವೆಯ ಹೆಣ್ಣನ್ನು ನೋಡುವಂತೆ ಬಂದು ನೋಡಿಹೋದರು. ಸಾಹೇಬರು ಬಂದು, ಯಾವುದಾದರೂ ಹಾಳೆ ಹಾಕಿ ಎಂದರು. ಪಂಪ್‌ಹೌಸಿನಿಂದ ನೀರಣ್ಣ ಬರಲಿ, ಆಮೇಲೆ ಹಾಕುತ್ತೇನೆ ಎಂದಳು. ಯಾಕೆಂದು ಅವರಿಗೆ ಅರ್ಥವಾಗಲಿಲ್ಲ. ಆದರೂ ಹೇಳಿಕಳಿಸಿದರು. ಅವನು ಬರುವವರೆಗಿನ ಹೊತ್ತಿನಲ್ಲಿ ಅವಳು ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಹಲವು ಬಾರಿ ಕಟ್ಟಿ ಕೆಡವಿದಳು. ಕೊನೆಗೆ ಒಂದು ನಿಂತಿತು, ಚಿಕ್ಕದು, ಅವನ ಕಿವಿಯ ಬಳಿ ಮೆಲ್ಲಗೆ ಹೇಳಿಬಿಡಬಹುದಾದದ್ದು. ಸಾಹೇಬರಿಗೆ ಬರವಣಿಗೆಯಲ್ಲಿ ಕೊಟ್ಟರಾಯಿತು. ಅವನು ಬಂದ, ಹಳೆಯ ಸರಳನ್ನು ಊರುಗೋಲಿನ ಹಾಗೆ ಹಿಡಿದು. ಬೀದಿ ಬಿಟ್ಟರೂ ಸರಳು ಬಿಟ್ಟಿರಲಿಲ್ಲ. ಅವಳು ಎರಡು ಹಾಳೆಗಳನ್ನು ತೆರೆದು, ಹತ್ತಿರ ಸರಿದು, ಮೆಲ್ಲಗೆ ಹೇಳಿದಳು.

"ಏನಂದ್ರಿ ಮೇಡಮ್ಮ?" ಅವನು ಅಂಗೈಯನ್ನು ಕಿವಿಯ ಹಿಂದಿಟ್ಟು ಬಾಗಿದ.

ಸ್ವಲ್ಪ ಗಟ್ಟಿಯಾಗಿ ಹೇಳಿದಳು. ಅವನು ಮುಗುಳ್ನಕ್ಕು, ಕೇಳಿಸದವರು ನಗುವ ಆ ಸಂಕೋಚದ ನಗೆ ನಕ್ಕು, ತಲೆಯಲ್ಲಾಡಿಸಿದ. ಆಗ ಅವಳಿಗೆ ಗೊತ್ತಾಯಿತು, ಇದನ್ನು ಮೆಲ್ಲಗೆ ಹೇಳುವ ಕಾಲ ಆರು ವರ್ಷದ ಹಿಂದೆಯೇ ಮುಗಿದುಹೋಗಿದೆ ಎಂದು. ಉಸಿರೆಳೆದುಕೊಂಡು, ಪಂಪ್‌ಹೌಸಿನಲ್ಲಿ ಮಾತಾಡುವವರಂತೆ ಕೂಗಿದಳು.

"ನೀವು ಪೈಪು ಸರಿಸಿರಲಿಲ್ಲ ನೀರಣ್ಣ. ಗೆರೆ ಎಳೆದಿದ್ದು ನಾನು. ಕೂಡಲಿಲ್ಲ ಅಂತ ಎಳೆದು ಕೂಡಿಸಿದೆ. ಕೆಂಪು ಸುತ್ತು ಹಾಕಲಿಲ್ಲ. ನಿಮ್ಮನ್ನ ಪಂಪ್‌ಹೌಸಿಗೆ ಹಾಕಿದಾಗ ಗೊತ್ತಿದ್ದೂ ಸುಮ್ಮನಿದ್ದೆ."

ಕೋಣೆಯಲ್ಲಿ ಕೀಲಿಮಣೆಗಳ ಸದ್ದು ಒಂದೊಂದಾಗಿ ನಿಂತುಹೋಯಿತು. ಸಾಹೇಬರು ಪರದೆಯನ್ನೂ ಅವಳನ್ನೂ ನೋಡಿ, ಬರೆದುಕೊಡಿ ಎಂದಷ್ಟೇ ಹೇಳಿ, ಹೋಗಲೂ ಆಗದೆ ನಿಲ್ಲಲೂ ಆಗದೆ ಅಲ್ಲೇ ಉಳಿದರು. ನೀರಣ್ಣ ಪರದೆಯ ಹತ್ತಿರ ಹೋಗಿ, ಗಾಜಿಗೆ ತಾಗದ ಹಾಗೆ ಬೆರಳನ್ನು ಗೋಡೆಗುಂಟ ನಡೆಸಿದ, ಅಂಗಡಿ ಅಂಗಡಿಯನ್ನೂ ದಾಟಿಸಿ, ಬೇವಿನ ಮರದ ಬಳಿ ಒಂದು ಕ್ಷಣ ನಿಲ್ಲಿಸಿ, ಗೆರೆ ಹೋದ ದಾರಿಯನ್ನು ಬಿಟ್ಟು ನೆಟ್ಟಗೆ ಮೂಲೆಗೆ ಒಯ್ದು ತಿರುಗಿಸಿದ. ಬಯ್ಯಲಿ ಎಂದು ಅವಳು ಕಾದಳು. ಅವನು ಬೆರಳನ್ನು ಮೂಲೆಯಲ್ಲೇ ಇಟ್ಟುಕೊಂಡು, "ನಂಗೇ ಅನುಮಾನ ಬಂದುಬಿಟ್ಟಿತ್ತು. ಯಾವಾಗಲಾದ್ರೂ ನಾನೇ ಸರಿಸಿ ಮರೆತೆನೇನೋ ಅಂತ," ಎಂದ. ಬೈಗುಳಕ್ಕೆ ಸಿದ್ಧಳಾಗಿದ್ದ ಅವಳಿಗೆ ಇದನ್ನು ತಾಳಲು ಸಿದ್ಧತೆಯಿರಲಿಲ್ಲ. ಬಳಿಕ ಅವನು ಮೇಜಿನ ಮೇಲಿನ ಮೌಸನ್ನು ತೋರಿಸಿ, ಮೊದಲು ಸುತ್ತು ಹಾಕಿ ಎಂದ. ಅವಳು ಹಾಕಿದಳು. ಆ ನಲವತ್ತಾರು ಹಾಳೆಗಳ ಮೊದಲ ಕೆಂಪು ಸುತ್ತು, ದೊಡ್ಡ ಪರದೆಯ ಮೇಲೆ ಕುಂಕುಮದ ಬೊಟ್ಟಿನಷ್ಟು.

ಸುತ್ತು ಬಿದ್ದ ಮೇಲೆ ಇಬ್ಬರೂ ನಡೆದುಹೋಗಬೇಕು, ರೂಢಿ ರೂಢಿಯೇ. ನಡುಮಧ್ಯಾಹ್ನ ಅವರಿಬ್ಬರೂ ದರ್ಜಿಗಳ ಬೀದಿಯನ್ನು ಹೊಕ್ಕರು. ಹೊಲಿಗೆಯಂತ್ರಗಳು ಒಂದರ ಹಿಂದೊಂದು ಓಡುತ್ತಿದ್ದವು. ಹಳೆಯ ದರ್ಜಿಯೊಬ್ಬ ಸೂಜಿ ಬಾಯಲ್ಲಿಟ್ಟುಕೊಂಡೇ, ಏನು ನೀರಣ್ಣ, ದಾರಿ ತಪ್ಪಿ ಬಂದೆಯಾ ಎಂದ. ನೀರಣ್ಣನಿಗೆ ಕೇಳಿಸಲಿಲ್ಲ, ಅವನ ಪರವಾಗಿ ಅವಳು, ದಾರಿ ಸರಿಮಾಡಲು ಬಂದರು ಎಂದಳು. ಬೇವಿನ ಮರದ ಬುಡದಲ್ಲಿ ನೀರಣ್ಣ ಸರಳನ್ನು ನೆಲಕ್ಕೂರಿ, ಅಭ್ಯಾಸದಂತೆ ಕಿವಿಯಾನಿಸಿ, ಕಣ್ಣು ಮುಚ್ಚಿ ನಿಂತ. ನಿಂತೇ ಇದ್ದ. ಅವನ ಮುಖದಲ್ಲಿ ಏನೂ ಬರಲಿಲ್ಲ. ಕಡೆಗೆ ಕಣ್ಣು ತೆರೆದು, ಸರಳನ್ನು ಅವಳ ಕಡೆಗೆ ವಾಲಿಸಿದ.

"ನೀವೇ ಕೇಳಿ ಹೇಳಿ ಮೇಡಮ್ಮ. ನಾನು ಬೇಕಾದ್ರೆ ಅಗೀತೀನಿ."

ಬಿಸಿಲಿಗೆ ಕಾದ ಕಬ್ಬಿಣ ಅವಳ ಕಿವಿಯನ್ನು ಸುಟ್ಟಿತು. ಮೊದಲು ಕೇಳಿಸಿದ್ದು ಅವಳದೇ ರಕ್ತದ ಸದ್ದು. ಒಂದು ಹೆಜ್ಜೆ ಎಡಕ್ಕೆ ಎಂದ ಅವನು, ಇಟ್ಟಳು. ಇನ್ನರ್ಧ ಎಂದ, ಇಟ್ಟಳು. ಗೋಡೆಗೆ ಭುಜ ತಾಗಿತು. ಆಗ ಕೆಳಗೆ, ಬಹಳ ಕೆಳಗೆ, ಯಾರೋ ತೊಟ್ಟಿಲ ಬಳಿ ಕೂತು ಬಾಯಿ ಮುಚ್ಚಿ ಗುನುಗುತ್ತಿರುವಂತೆ, ನಿಲ್ಲದ ಒಂದು ನಾದ ಬಂತು. ಇಷ್ಟು ವರ್ಷ ಗೆರೆಯೆಂದು ಎಳೆದದ್ದು ಇದನ್ನೇ ಎಂದು ಅವಳಿಗೆ ಅಂದು ತಿಳಿಯಿತು. ನೀರಣ್ಣ ಅವಳ ಮುಖವನ್ನೇ ನೋಡುತ್ತಿದ್ದ, ತನಗೆ ಕೇಳಿಸದ್ದನ್ನು ಅಲ್ಲಿ ಓದಿಕೊಳ್ಳುವವನಂತೆ. "ಹಾಡ್ತಿದೆಯಾ?" ಎಂದ. ಅವಳು ಸರಳಿನಿಂದ ಕಿವಿ ತೆಗೆಯದೆ, ಅವನಿಗೆ ಕಾಣುವಂತೆ, ನಿಧಾನವಾಗಿ ತಲೆಯಾಡಿಸಿದಳು.

ಈ ಕಥೆಯನ್ನು ಓದಿದವರ ಕಣ್ಣುಗಳೂ ಓದಿಸಿ ಕೇಳಿದವರ ಕಿವಿಗಳೂ ಕೊನೆಯವರೆಗೆ ತಿಳಿಯಾಗಿರಲಿ. ಅವರ ಮನೆಯ ನೆಲದಡಿಯ ನೀರು ಎಂದೂ ಬತ್ತದಿರಲಿ. ಅವರು ಎಳೆದ ಓರೆಗೆರೆಗಳು ಅವರ ಕಣ್ಣಿಗೇ ಮೊದಲು ಕಾಣಲಿ, ಮೆಲ್ಲಗೆ ಹೇಳಿದರೂ ಕೇಳಿಸುವ ಕಾಲ ಮೀರುವ ಮುನ್ನವೇ ಕಾಣಲಿ. ಎಲ್ಲರಿಗೂ ಒಳಿತಾಗಲಿ.